ಮನೆಮಂದಿಗೂ ಚಿಕಿತ್ಸೆ ಕೊಡುವ ಆಸ್ಪತ್ರೆ

ಟಿ.ಟಿ. ರಂಗನಾಥನ್ ಮದರಾಸಿನ ಹೆಸರಾಂತ ಟಿಟಿಕೆ ಉದ್ಯಮಿ ಮನೆತನದವರು. ಹಣ, ವಿದ್ಯೆ, ಬಂಧುಬಳಗ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ಕುಡಿತ ಅವರನ್ನು ಚಿಕ್ಕ ವಯಸ್ಸಿನಲ್ಲೇ ಬಲಿ ತೆಗೆದುಕೊಂಡಿತು. ಪತ್ನಿ ಶಾಂತಿ ರಂಗನಾಥನ್ ಆ ದುಃಖದಲ್ಲೇ ಮುಳುಗಿಹೋಗಲಿಲ್ಲ. 1980ರಲ್ಲಿ ಪತಿಯ ಹೆಸರಿನಲ್ಲೇ ಪ್ರತಿಷ್ಠಾನ ಕಟ್ಟಿ, ಕುಡಿತ ಮತ್ತು ಮಾದಕ ವ್ಯಸನಕ್ಕೆಂದೇ ಚಿಕಿತ್ಸೆ ಆರಂಭಿಸಿದರು. ಚೆನ್ನೈನ ಟಿಟಿಕೆ ಆಸ್ಪತ್ರೆ ಬೆಳೆದದ್ದು ಹೀಗೆ.

ಚಿಕಿತ್ಸೆಯ ಮೊದಲ ಘಟ್ಟ ದೇಹದ್ದು. ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ನಿದ್ದೆ ಹತ್ತುವುದಿಲ್ಲ. ಕೆಲವರಿಗೆ ಫಿಟ್ಸ್ ಬರುತ್ತದೆ, ಭ್ರಮೆ ಹಿಡಿಯುತ್ತದೆ. ಇದು ಪ್ರಾಣಕ್ಕೇ ಎರವಾಗಬಹುದು. ಅದಕ್ಕೇ ಮೊದಲ ದಿನಗಳಲ್ಲಿ ವೈದ್ಯರ ನಿಗಾ ಬೇಕು. ಆಮೇಲೆ ಆಪ್ತಸಮಾಲೋಚನೆ, ಗುಂಪು ಮಾತುಕತೆ.

ಮನೆಯವರ ಪಾಲು ಇಲ್ಲಿ ದೊಡ್ಡದು. ಗಂಡ ಕುಡಿದು ಮಲಗಿದ್ದರೆ ‘ಜ್ವರ’ ಎಂದು ಆಫೀಸಿಗೆ ಫೋನ್ ಮಾಡುವವಳು ಹೆಂಡತಿ, ಬಾರಿನ ಸಾಲ ತೀರಿಸುವವರು ತಂದೆ. ಮರ್ಯಾದೆಗೆ ಅಂಜಿ ಮಾಡುವ ಈ ಉಪಕಾರವೇ ಕುಡಿತಕ್ಕೆ ಆಸರೆಯಾಗಿಬಿಡುತ್ತದೆ. ಟಿಟಿಕೆ ಆಸ್ಪತ್ರೆ ಮನೆಯವರಿಗೂ ಪ್ರತ್ಯೇಕ ಕಾರ್ಯಕ್ರಮ ನಡೆಸುತ್ತದೆ. ವ್ಯಸನ ಒಂದು ಕಾಯಿಲೆ, ಅದಕ್ಕೆ ತಾನು ಕಾರಣಳಲ್ಲ ಎಂಬುದು ಹೆಂಡತಿಗೆ ಮನದಟ್ಟಾಗಬೇಕು. ಅವನು ಬಿಟ್ಟರೂ ಬಿಡದಿದ್ದರೂ ಅವಳ ನಿದ್ದೆ, ಊಟ, ಮಕ್ಕಳ ಓದು ಸರಿದಾರಿಗೆ ಬರಬೇಕು.

ಪಟ್ಟಣಕ್ಕೆ ಬರಲಾಗದ ಕೂಲಿಕಾರರಿಗಾಗಿ ಸಂಸ್ಥೆ ಹಳ್ಳಿಗೇ ಹೋಯಿತು. ಕಾವೇರಿ ಬಯಲಿನ ಮಂಜಕ್ಕುಡಿಯಲ್ಲಿ ಊರವರ ಸಹಕಾರದಿಂದ ನಡೆದ ಶಿಬಿರಗಳು ಇದಕ್ಕೆ ಮಾದರಿಯಾದವು. ಪಕ್ಕದ ಮನೆಯವನೇ ಬಿಟ್ಟದ್ದನ್ನು ಕಂಡವರಿಗೆ ‘ನನ್ನಿಂದಲೂ ಆದೀತು’ ಎಂಬ ಧೈರ್ಯ ಬರುತ್ತದೆ. ಶಾಂತಿಯವರಿಗೆ 1992ರಲ್ಲಿ ಪದ್ಮಶ್ರೀ ಸಂದಿತು.

ಬಿಟ್ಟವರು ಮತ್ತೆ ಕುಡಿಯುವುದುಂಟು. ಹಾಗಾದಾಗ ಎಲ್ಲ ಮುಗಿಯಿತೆಂದು ಕೈಚೆಲ್ಲದೆ ತಕ್ಷಣ ವೈದ್ಯರ ಬಳಿಗೆ ಮರಳಿದರೆ ಚೇತರಿಕೆ ಮುಂದುವರಿಯುತ್ತದೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಲ್ಲಿ ಬಿಟ್ಟವರೇ ಒಬ್ಬರಿಗೊಬ್ಬರು ಬೆಂಬಲವಾಗುತ್ತಾರೆ. ಮನೆಯವರಿಗೆಂದು 1951ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅಲ್-ಅನಾನ್ ಕೂಟಗಳಿವೆ.

ಕರ್ನಾಟಕದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಕರೆ ಉಚಿತ. ಕುಡಿಯುವವರು ಇನ್ನೂ ಒಪ್ಪದಿದ್ದರೂ ಮನೆಯವರೇ ಮೊದಲು ಕರೆ ಮಾಡಿ ಸಲಹೆ ಕೇಳಬಹುದು.