ಮರಳಿ ಬಾರದ ಅಕ್ಷರ

ಆಳದ ಬಾವಿಗೆ ಬಗ್ಗಿ ‘ಓ’ ಎಂದು ಕೂಗಿ, ಅದು ತಿರುಗಿ ಬರುವುದನ್ನು ಕೇಳುವ ಆಟ ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಹಳ್ಳಿ ಮಕ್ಕಳಿಗೆ ಹೊಸದಲ್ಲ. ದೂರದ ಗಣಕಯಂತ್ರದೊಡನೆ ಮಾತನಾಡುವುದೂ ಹೆಚ್ಚುಕಡಿಮೆ ಇದೇ ಆಟ.

2020ರ ಲಾಕ್‌ಡೌನ್ ಕಾಲದಲ್ಲಿ ಬೆಂಗಳೂರು ಬಿಟ್ಟು ಶ್ರೀರಂಗಪಟ್ಟಣ, ಪಾಂಡವಪುರದ ಮನೆಗಳಿಗೆ ಮರಳಿದ ಸಾಫ್ಟ್‌ವೇರ್ ಹುಡುಗರು ಅಲ್ಲಿಂದಲೇ ಕಚೇರಿಯ ಯಂತ್ರಕ್ಕೆ ಲಾಗಿನ್ ಆಗುತ್ತಿದ್ದರು. ಕೀಲಿ ಒತ್ತಿದೊಡನೆ ಪರದೆಯಲ್ಲಿ ಅಕ್ಷರ ಮೂಡುತ್ತದೆ. ಮೂಡಿಸಿದ್ದು ಕಣ್ಣೆದುರಿನ ಯಂತ್ರವೇ ಎಂದು ನಾವು ಭಾವಿಸುತ್ತೇವೆ. ಆದರೆ ಯುನಿಕ್ಸ್ ಬಗೆಯ ವ್ಯವಸ್ಥೆಗಳಿಗೆ ಹೀಗೆ ದೂರದಿಂದ ಪ್ರವೇಶಿಸಿದಾಗ ಅಕ್ಷರ ಮೊದಲು ಆಚೆಯ ಯಂತ್ರಕ್ಕೆ ಹೋಗುತ್ತದೆ. ಅದು ಹಿಂದಿರುಗಿಸಿದರಷ್ಟೇ ನಮಗೆ ಕಾಣುತ್ತದೆ. ಇದಕ್ಕೆ ‘ಎಕೋ’, ಅಂದರೆ ಮಾರ್ದನಿ ಎಂದೇ ಹೆಸರು.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ಹುಟ್ಟಿದಾಗ ಪರದೆಯ ಬದಲು ಕಾಗದದ ಮೇಲೆ ಅಚ್ಚೊತ್ತುವ ಟೆಲಿಟೈಪ್ ಯಂತ್ರಗಳಿದ್ದವು. ‘ಟಿಟಿವೈ’ ಎಂಬ ಅದರ ಚುಟುಕು ಹೆಸರು ಇಂದಿಗೂ ಯುನಿಕ್ಸ್‌ನಲ್ಲಿ ಉಳಿದಿದೆ. ಅಕ್ಷರವನ್ನು ಯಾರು ತೋರಿಸಬೇಕೆಂಬ ತಕರಾರೂ ಉಳಿದಿದೆ. ಎರಡೂ ಕಡೆಯವರು ತೋರಿಸಿದರೆ ಪ್ರತಿ ಅಕ್ಷರ ಜೋಡಿಯಾಗಿ ಬರುತ್ತದೆ; ಯಾರೂ ತೋರಿಸದಿದ್ದರೆ ಪರದೆ ಖಾಲಿ. ಇದನ್ನು ಇತ್ಯರ್ಥಪಡಿಸಲೆಂದೇ ಟೆಲ್ನೆಟ್ ವಿಧಾನಕ್ಕೆ 1983ರಲ್ಲಿ ಪ್ರತ್ಯೇಕ ನಿಯಮ ಬರೆದರು.

ದೂರವೂ ಕಾಡುತ್ತದೆ. ನಿಕ್‌ನೆಟ್ ಜಾಲ ಜಿಲ್ಲಾ ಕೇಂದ್ರಗಳನ್ನು ಉಪಗ್ರಹದ ಮೂಲಕ ಜೋಡಿಸಿದ್ದ ಕಾಲವಿತ್ತು. ಅಂಥ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಅಕ್ಷರ ಏರಿ ಇಳಿದು, ಅದರ ಮಾರ್ದನಿಯೂ ಏರಿ ಇಳಿಯುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಸೆಕೆಂಡ್. ವೇಗವಾಗಿ ಟೈಪ್ ಮಾಡುವವರಿಗೆ ಇದು ಕಿರಿಕಿರಿ.

ಗುಪ್ತಪದ ಕೇಳುವಾಗ ಮಾತ್ರ ಯಂತ್ರ ಬೇಕೆಂದೇ ಮಾರ್ದನಿ ನಿಲ್ಲಿಸುತ್ತದೆ. ಕೇಳಿದ ಪ್ರೋಗ್ರಾಂ ನಡುವೆಯೇ ಕೆಟ್ಟು ನಿಂತರೆ ಮತ್ತೆ ಚಾಲೂ ಮಾಡುವವರಿಲ್ಲ. ಯಂತ್ರ ಸತ್ತಿತೆಂದು ಕಂಡಕಂಡ ಕೀಲಿ ಕುಟ್ಟಬಾರದು. ಕಾಣದಿದ್ದರೂ ಆಜ್ಞೆಗಳು ಆಚೆ ತಲುಪಿ ಜಾರಿಯಾಗುತ್ತಿರುತ್ತವೆ. ಕುರುಡಾಗಿಯೇ ‘ಎಸ್‌ಟಿಟಿವೈ ಸೇನ್’ ಎಂದು ಟೈಪಿಸಿ ಎಂಟರ್ ಒತ್ತಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಸೇನ್ ಎಂದರೆ ಸ್ವಸ್ಥ ಬುದ್ಧಿ. ಯಂತ್ರಕ್ಕೆ ಬುದ್ಧಿ ಹೇಳುವ ಈ ಆಜ್ಞೆ ನನಗೆ ತಿಳಿದದ್ದು ತಡವಾಗಿ. ಡಿಪ್ಲೊಮಾ ಓದುವಾಗ ಪರದೆ ಖಾಲಿಯೆಂದು ಗುಪ್ತಪದವನ್ನು ಮತ್ತೆ ಮತ್ತೆ ಟೈಪಿಸಿದ್ದೆ. ಯಂತ್ರ ಅದನ್ನು ಆಜ್ಞೆಯೆಂದು ತಿಳಿದು ತನ್ನ ‘ಹಿಸ್ಟರಿ’ ಕಡತದಲ್ಲಿ ಬರೆದಿಟ್ಟುಕೊಂಡಿತ್ತು!

ಖಾಲಿ ಪರದೆ ಕಾಪಾಡುವುದು ಪಕ್ಕದಲ್ಲಿ ಕುಳಿತವನ ಕಣ್ಣಿನಿಂದ ಮಾತ್ರ. ಟೆಲ್ನೆಟ್‌ನಲ್ಲಿ ಗುಪ್ತಪದ ತಂತಿಯುದ್ದಕ್ಕೂ ಬಯಲಾಗಿಯೇ ಸಾಗುತ್ತಿತ್ತು. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಗುಪ್ತಪದಗಳ ಕಳವಾದ ಮೇಲೆ, 1995ರಲ್ಲಿ ತಾತು ಯುಲೋನೆನ್ ಎಲ್ಲವನ್ನೂ ಗೂಢಲಿಪಿಯಲ್ಲಿ ಸಾಗಿಸುವ ‘ಎಸ್‌ಎಸ್‌ಎಚ್’ ರೂಪಿಸಿದರು. ಇಂದು ದೂರದ ಲಾಗಿನ್‌ಗೆ ಹೆಚ್ಚಾಗಿ ಬಳಕೆಯಲ್ಲಿರುವುದು ಅದೇ. ಗುಪ್ತಪದ ಕೇಳುವಾಗ ಅಲ್ಲಿಯೂ ಪರದೆ ಖಾಲಿಯೇ.