ಸಸ್ಯ ಕಾಂಕ್ರೀಟು ನಮ್ಮ ಮಳೆಗಾಲ ತಡೆದೀತೆ?

ಜಗತ್ತು ಗಾಳಿಗೆ ಬಿಡುತ್ತಿರುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ 7ರಿಂದ 8ರಷ್ಟು ಸಿಮೆಂಟ್ ಕಾರ್ಖಾನೆಗಳಿಂದಲೇ ಬರುತ್ತದೆ. ಆದ್ದರಿಂದ ಗಿಡದ ದಂಟು, ನಾರು, ಹೊಟ್ಟನ್ನು ಸುಣ್ಣದಲ್ಲಿ ಕಲಸಿ ಗೋಡೆ ಕಟ್ಟುವ ವಿಧಾನಗಳತ್ತ ಎಲ್ಲರ ಕಣ್ಣು ನೆಟ್ಟಿದೆ. ಇವುಗಳಲ್ಲಿ ಹೆಚ್ಚು ಅಧ್ಯಯನವಾಗಿರುವುದು ಹೆಂಪ್‌ಕ್ರೀಟ್. ಹೆಂಪ್ ಗಾಂಜಾ ಜಾತಿಯ ಗಿಡವೇ ಆದರೂ ಅದರಲ್ಲಿ ಅಮಲಿನ ಅಂಶ ತೀರಾ ಕಡಿಮೆ. ಅದರ ನಾರು ಸುಲಿದ ಮೇಲೆ ಉಳಿಯುವ ದಂಟಿನ ಚೂರುಗಳೇ ಈ ಕಾಂಕ್ರೀಟಿನ ಜಲ್ಲಿ. 1986ರಲ್ಲಿ ಫ್ರಾನ್ಸಿನ ನೋಜಾನ್-ಸುರ್-ಸೆನ್ ಪಟ್ಟಣದಲ್ಲಿ ಮರದ ಚೌಕಟ್ಟಿನ ಹಳೆಯ ಮನೆಯೊಂದರ ದುರಸ್ತಿಗೆ ಬಳಸಿದ ಈ ಮಿಶ್ರಣಕ್ಕೆ ಅಮೆರಿಕದ 2024ರ ವಸತಿ ನಿರ್ಮಾಣ ಮಾದರಿ ಸಂಹಿತೆಯಲ್ಲಿ ಈಗ ಪ್ರತ್ಯೇಕ ಅನುಬಂಧವಿದೆ. ಉತ್ತರಾಖಂಡದ ಪೌಡಿ ಗಢವಾಲದಲ್ಲೂ ಹೆಂಪ್ ಮನೆ ಎದ್ದಿದೆ.

ಈ ಉತ್ಸಾಹಕ್ಕೆ ಕಾರಣವಿದೆ. ಆದರೆ ಬಾಳಿಕೆಯ ಪುರಾವೆ ಕೈಗೆ ಬರುವ ಮೊದಲೇ ನಾವು ಇದನ್ನು ಊರೂರಿಗೆ ಹರಡಿದರೆ, ಒಂದೆರಡು ದಶಕಗಳಲ್ಲಿ ಬೂಷ್ಟು ಹಿಡಿದ ಗೋಡೆಗಳನ್ನೂ ನಂಬಿಕೆ ಕಳೆದುಕೊಂಡ ತಂತ್ರಜ್ಞಾನವನ್ನೂ ಉಳಿಸಿಕೊಳ್ಳಬೇಕಾಗುತ್ತದೆ.

ಮೊದಲು ಇಂಗಾಲದ ಲೆಕ್ಕ ನೋಡೋಣ. 2005ರಲ್ಲಿ ಪ್ರಕಟವಾದ ಫ್ರೆಂಚ್ ಅಧ್ಯಯನವೊಂದರ ಪ್ರಕಾರ, 26 ಸೆಂಟಿಮೀಟರ್ ದಪ್ಪದ ಹೆಂಪ್ ಗೋಡೆಯ ಒಂದು ಚದರ ಮೀಟರ್ ಸುಮಾರು 35 ಕಿಲೋ ಇಂಗಾಲದ ಡೈಆಕ್ಸೈಡನ್ನು ಹಿಡಿದಿಡುತ್ತದೆ. ಹೆಂಪ್‌ಕ್ರೀಟ್ ಪರವಾಗಿ ಮತ್ತೆ ಮತ್ತೆ ಉಲ್ಲೇಖವಾಗುವ ಈ ಅಂಕಿಗೆ ಆಧಾರ ಗೋಡೆಯ 100 ವರ್ಷದ ಆಯಸ್ಸು. ಆದರೆ ಈ ಬಗೆಯ ಅತಿ ಹಳೆಯ ಗೋಡೆಗೆ ಇನ್ನೂ ಅರ್ಧ ಶತಮಾನ ತುಂಬಿಲ್ಲ. ಗೋಡೆ 25 ವರ್ಷಕ್ಕೇ ಕುಸಿದು, ಅದರ ದಂಟು ತಿಪ್ಪೆಯಲ್ಲಿ ಕೊಳೆತರೆ, ದಂಟು ಹಿಡಿದಿಟ್ಟ ಇಂಗಾಲ ಮತ್ತೆ ಗಾಳಿಗೇ ಸೇರುತ್ತದೆ. ಬಾಳಿಕೆಯಿಲ್ಲದೆ ಇಂಗಾಲದ ಉಳಿತಾಯವೂ ಇಲ್ಲ.

ಗೋಡೆಯೊಳಗೆ ಏನು ನಡೆಯುತ್ತದೆ? ದಂಟಿನ ಚೂರು ಸಣ್ಣ ಕೊಳವೆಗಳ ಕಟ್ಟು. ತನ್ನ ತೂಕದ ಎರಡು ಮೂರು ಪಟ್ಟು ನೀರನ್ನು ಅದು ಹೀರಬಲ್ಲದು. ಕಲಸುವಾಗ ಸುಣ್ಣಕ್ಕೆ ಬೇಕಾದ ನೀರನ್ನೂ ಅದೇ ಕುಡಿದುಬಿಟ್ಟರೆ ಚೂರಿನ ಸುತ್ತಲಿನ ಸುಣ್ಣ ಗಟ್ಟಿಯಾಗದೆ ಪುಡಿಯಾಗಿಯೇ ಉಳಿಯುತ್ತದೆ. ದಂಟಿನಿಂದ ಹೊರಬರುವ ಸಕ್ಕರೆ ಮತ್ತು ಪೆಕ್ಟಿನ್ ಅಂಶಗಳು ಗಟ್ಟಿಯಾಗುವ ಕ್ರಿಯೆಯನ್ನು ಇನ್ನಷ್ಟು ನಿಧಾನಿಸುತ್ತವೆ. ನಮ್ಮಲ್ಲಿ ಕಬ್ಬಿನ ಸಿಪ್ಪೆ ಬಳಸಹೊರಟವರಿಗೆ ಎದುರಾಗುವ ತೊಡಕೂ ಇದೇ.

ಇದಕ್ಕಿಂತ ದೊಡ್ಡ ಇಕ್ಕಟ್ಟು ಸುಣ್ಣದ ಕ್ಷಾರದ್ದು. ಹೊಸ ಸುಣ್ಣದ ಪಿಎಚ್ ಮಟ್ಟ 12 ದಾಟಿರುತ್ತದೆ. ಅಷ್ಟು ಕ್ಷಾರದಲ್ಲಿ ಬೂಷ್ಟು ಬೆಳೆಯುವುದಿಲ್ಲ, ನಿಜ. ಆದರೆ ದಂಟಿನ ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್ ಅದೇ ಕ್ಷಾರದಿಂದ ಸವೆಯುತ್ತವೆ. ಕಾಲಕ್ರಮೇಣ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಸುಣ್ಣಕಲ್ಲಾಗುತ್ತದೆ. ಇದನ್ನೇ ಗೋಡೆಯ ಹೆಚ್ಚುಗಾರಿಕೆ ಎಂದು ಹೊಗಳುತ್ತೇವೆ. ಆದರೆ ಆಗ ಪಿಎಚ್ 9ರ ಆಸುಪಾಸಿಗೆ ಇಳಿದು, ಬೂಷ್ಟು ತಡೆಯುತ್ತಿದ್ದ ಕಾವಲೂ ಹೋಗುತ್ತದೆ. ಒಳಗೆ ಉಕ್ಕಿನ ಕಂಬಿಯಿದ್ದರೆ ತುಕ್ಕಿಗೂ ದಾರಿಯಾಗುತ್ತದೆ. ಆಮೇಲೆ ಗೋಡೆಯನ್ನು ಕಾಯುವುದು ಒಣತನ ಮಾತ್ರ.

ಇಂಥ ಸೋಲನ್ನು ಜಗತ್ತು ಈಗಾಗಲೇ ಕಂಡಿದೆ. 1970 ಮತ್ತು 80ರ ದಶಕಗಳಲ್ಲಿ ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ ಬಡವರಿಗಾಗಿ ಕತ್ತಾಳೆ ನಾರು, ತೆಂಗಿನ ನಾರು ಬೆರೆಸಿದ ಸಿಮೆಂಟ್ ಶೀಟುಗಳನ್ನು ತಯಾರಿಸಲಾಯಿತು. ಹೊಸದರಲ್ಲಿ ಅವು ಗಟ್ಟಿಮುಟ್ಟಾಗಿದ್ದವು. ಕೆಲವೇ ವರ್ಷಗಳಲ್ಲಿ ಎಷ್ಟೋ ಶೀಟುಗಳು ಪೆಡಸಾಗಿ ಬಿರುಕುಬಿಟ್ಟವು. ಸ್ವೀಡನ್ನಿನ ಸಂಶೋಧಕ ಹಾನ್ಸ್-ಎರಿಕ್ ಗ್ರಾಮ್ 1983ರಲ್ಲಿ ಕಾರಣ ತೋರಿಸಿದರು: ಸಿಮೆಂಟಿನ ಕ್ಷಾರದ ನೀರು ನಾರಿನ ಕೋಶಗಳನ್ನು ಬೆಸೆದ ಲಿಗ್ನಿನನ್ನು ಕರಗಿಸಿಬಿಡುತ್ತದೆ. ಬಿಸಿಲೂ ಮಳೆಯೂ ಜೋರಾಗಿರುವ ಕಡೆ ಈ ನಾಶ ಇನ್ನೂ ವೇಗವಾಗಿರುತ್ತದೆ.

ಹೆಂಪ್ ಗೋಡೆ ಶೀಟಿನಂತಲ್ಲ. ಅದರ ಬಲ ಬಹುತೇಕ ಒಂದು ಮೆಗಾಪಾಸ್ಕಲ್‌ಗಿಂತ ಕಡಿಮೆ. ಭಾರ ಹೊರುವುದು ಚೌಕಟ್ಟು. ಗೋಡೆ ದುರ್ಬಲವಾದರೆ ಮನೆ ದಿಢೀರನೆ ಬೀಳದು. ಆದರೆ ಕೇಡು ಒಳಗೊಳಗೇ ಬೆಳೆಯುತ್ತದೆ. ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಹೆಚ್ಚು ಶಾಖ ದಾಟಿಸುವುದರಿಂದ ನೆನೆದ ಗೋಡೆ ಮನೆಯನ್ನು ತಂಪಾಗಿಡುವ ಗುಣ ಕಳೆದುಕೊಳ್ಳುತ್ತದೆ. ಬೂಷ್ಟಿನ ಬೀಜಕಣಗಳು ಉಸಿರಿಗೆ ಸೇರುತ್ತವೆ. ಒಳಗಿನ ಮರದ ಚೌಕಟ್ಟು ಕೊಳೆಯುತ್ತದೆ.

ಆರ್ದ್ರತೆ ಶೇ 80 ದಾಟಿ ವಾರಗಟ್ಟಲೆ ನಿಂತರೆ ಬೂಷ್ಟಿಗೆ ಅಷ್ಟೇ ಸಾಕು. ಮಂಗಳೂರಿನ ಜುಲೈನಲ್ಲಿ ಅದು ಸರಾಸರಿ ಶೇ 85ಕ್ಕಿಂತ ಮೇಲೆಯೇ ಇರುತ್ತದೆ. ಹೊಸ ಹೆಂಪ್ ಗೋಡೆ ಒಣಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಮನೆ ಒಕ್ಕಲಿನ ಮುಹೂರ್ತಕ್ಕೆ ಅವಸರಪಟ್ಟು ಹಸಿ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮೆತ್ತಿ, ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ಒಳಗಿನ ತೇವಕ್ಕೆ ಹೊರಹೋಗುವ ದಾರಿಯೇ ಮುಚ್ಚುತ್ತದೆ.

ಎಲ್ಲೋರಾದ ಉದಾಹರಣೆ ಕೊಡುವವರಿದ್ದಾರೆ. ನಮ್ಮ ರಾಷ್ಟ್ರಕೂಟರು ಕೈಲಾಸನಾಥವನ್ನು ಕಡೆಸಿದ ಆ ತಾಣದ ಗುಹೆಗಳ ಗಾರೆಯಲ್ಲಿ ಹೆಂಪ್ ಬೆರೆತಿರುವುದನ್ನು 2016ರಲ್ಲಿ ಸಂಶೋಧಕರು ವರದಿ ಮಾಡಿದರು. ಅದಕ್ಕೆ ಹುಳು ಹಿಡಿದಿರಲಿಲ್ಲ. ಇದು ಭರವಸೆಯ ಸಂಗತಿ. ಆದರೆ ಅದು ಬಂಡೆಯ ಆಸರೆಯಲ್ಲಿರುವ ತೆಳು ಲೇಪನ. ಮಳೆಯ ಇರಚಲು ಹೊಡೆಯುವ ಒಂದಡಿ ದಪ್ಪದ ಗೋಡೆಗೆ ಅದನ್ನು ಸಾಕ್ಷಿಯಾಗಿ ನಿಲ್ಲಿಸಲಾಗದು.

ಪರಿಹಾರಗಳು ಗೊತ್ತಿರುವಂಥವೇ. ಅಗಲವಾದ ಸೂರು, ನೆಲದ ತೇವ ಏರದಂತೆ ಎತ್ತರದ ಪಾಯ, ಮಳೆಗಾಲ ಮುಗಿದ ಮೇಲೆ ಕಟ್ಟುವ ಶಿಸ್ತು, ಗೋಡೆಯ ತೇವ ಅಳೆದ ನಂತರವೇ ಸುಣ್ಣದ ಗಾರೆ ಬೇಕು. ಸಿಮೆಂಟ್ ಬಳಸುವಲ್ಲಿ ಭತ್ತದ ಹೊಟ್ಟಿನ ಬೂದಿ ಅಥವಾ ಮೆಟಾಕೆಯೊಲಿನ್ ಎಂಬ ಸುಟ್ಟ ಜೇಡಿಮಣ್ಣಿನ ಪುಡಿ ಸೇರಿಸಿದರೆ ಕ್ಷಾರ ತಗ್ಗುತ್ತದೆ. ಇವೆಲ್ಲಕ್ಕಿಂತ ಮುಖ್ಯವಾಗಿ, 28 ದಿನದ ಬಲಪರೀಕ್ಷೆಗೆ ತೃಪ್ತಿಪಡದೆ ಕರಾವಳಿ, ಮಲೆನಾಡು, ಬಯಲುಸೀಮೆ ಮೂರೂ ಕಡೆ ಮಾದರಿ ಗೋಡೆ ಕಟ್ಟಿ, ಅವುಗಳ ತೇವ ಮತ್ತು ಬಲವನ್ನು ವರ್ಷಾನುಗಟ್ಟಲೆ ಅಳೆದು ಪ್ರಕಟಿಸಬೇಕು.

ಫ್ರಾನ್ಸಿನಲ್ಲಿ ಕಟ್ಟಿದವರ ಮೇಲೆ 10 ವರ್ಷಗಳ ಕಾನೂನುಬದ್ಧ ಹೊಣೆಯಿದೆ. ನಮ್ಮ ರೇರಾ ಕಾಯ್ದೆಯಲ್ಲಿ ಅದು 5 ವರ್ಷ. ನೂರು ವರ್ಷದ ಇಂಗಾಲದ ಉಳಿತಾಯ ತೋರಿಸಿ ಮನೆ ಮಾರುವವರನ್ನು ಕೊಳ್ಳುವವರು ಮೂರು ಪ್ರಶ್ನೆ ಕೇಳಲೇಬೇಕು: ನಮ್ಮಂಥ ಹವೆಯಲ್ಲಿ ಹತ್ತು ಮಳೆಗಾಲ ಕಂಡ ಗೋಡೆ ಎಲ್ಲಿದೆ? ಅದರ ತೇವದ ದಾಖಲೆ ಎಲ್ಲಿ? ಕೆಟ್ಟರೆ ಹೊಣೆ ಯಾರದು? ಉತ್ತರ ಬರಹದಲ್ಲಿ ಸಿಗುವ ತನಕ ಮುಂಗಡ ಕೊಡಬೇಡಿ.