ಗೃಹಕೃತ್ಯದಲ್ಲಿ ಪಟ್ಟಿಯ ಉಪಯೋಗಗಳು

ಸಂಸಾರದಲ್ಲಿ ಬೆಲೆಬಾಳುವ ವಸ್ತುಗಳಿಗೆ ಸಲ್ಲುವ ಗೌರವವು ಅಲ್ಪಬೆಲೆಯ ವಸ್ತುಗಳಿಗೆ ಸಲ್ಲುವುದಿಲ್ಲ. ಆದರೆ ಅವಸರ ಬಂದಾಗ ಮನೆಯವರೆಲ್ಲರೂ ಹುಡುಕುವುದು ಆ ಅಲ್ಪವಸ್ತುಗಳನ್ನೇ. ಇಂಗ್ಲಿಷರು ‘ಟೇಪು’ ಎಂಬ ಒಂದೇ ಹೆಸರಿನಿಂದ ಕರೆಯುವ ಪಟ್ಟಿಯು ಅಂಥವುಗಳಲ್ಲಿ ಒಂದು. ನೋಡುವುದಕ್ಕೆ ಅದು ಅಗಲ ಕಡಿಮೆ, ಉದ್ದ ಹೆಚ್ಚು ಆದ ಒಂದು ತುಣುಕು, ಅಷ್ಟೆ. ಆದರೂ ಕಟ್ಟುವುದು, ಅಳೆಯುವುದು, ಅಂಟಿಸುವುದು, ಅಕ್ಷರವನ್ನೂ ಧ್ವನಿಯನ್ನೂ ಕಾಪಾಡಿಡುವುದು ಎಂಬ ನಾಲ್ಕು ಕಾರ್ಯಗಳು ಅದರಿಂದ ನಡೆಯುತ್ತವೆ. ಯಾವ ಕಾರ್ಯಕ್ಕೆ ಯಾವ ಪಟ್ಟಿ ಎಂಬ ವಿವೇಕವು ತಪ್ಪಿದಲ್ಲಿ ಆಸ್ತಿಗೂ ಪ್ರಾಣಕ್ಕೂ ಹಾನಿ ಒದಗಬಹುದು. ಆದುದರಿಂದ ಈ ವಿಷಯವನ್ನು ನಮ್ಮ ವಾಚಕರ ಮುಂದೆ ಇಡುತ್ತಿದ್ದೇವೆ.

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ದುಂಡಸಿಯ ಸೀಮೆಯಲ್ಲಿರುವಂಥ ಒಂದು ಮನೆಯನ್ನು ಎಣಿಸಿಕೊಳ್ಳೋಣ. ಹಿರಿಯರ ಅಂಗಿಗೆ ಕಸಿ, ಕೂಸಿನ ಕುಂಚಿಗೆಗೂ ಕಸಿ, ಪಾಯಜಾಮೆಗೂ ಲಂಗಕ್ಕೂ ಲಾಡಿ, ಮಂಚಕ್ಕೆ ನವಾರು, ಶಾಲೆಗೆ ಹೋಗುವ ಹುಡುಗಿಯ ಜಡೆಗೆ ಟೇಪು, ಗಾಯಕ್ಕೆ ಪಟ್ಟಿ, ಜ್ವರ ಬಂದವರ ಹಣೆಗೆ ತಣ್ಣೀರಿನ ಪಟ್ಟಿ. ಸಾಮಾನುಗಳ ಯಾದಿಯೂ ಪಟ್ಟಿಯೇ. ಊರಿನ ಉತ್ಸವಕ್ಕೆ ವಂತಿಗೆ ಕೂಡಿಸುವುದಕ್ಕೂ ‘ಪಟ್ಟಿ ಹಾಕುವುದು’ ಎನ್ನುವುದುಂಟು. ನಮ್ಮ ಭಾಷೆಯು ಹೀಗೆ ಕೆಲಸಕ್ಕೆ ತಕ್ಕ ಹೆಸರನ್ನಿಟ್ಟಿರುವುದು ಬಲು ಸಮಂಜಸವಾಗಿದೆ. ಲಾಡಿಯು ಮಂಚವನ್ನು ಹೊರಲಾರದು. ನವಾರು ಕೂಸಿನ ಕುಂಚಿಗೆಗೆ ಒಪ್ಪದು. ನವಾರಿನ ಮಂಚದಲ್ಲಿ ಇನ್ನೊಂದು ಗುಣವುಂಟು. ಪಟ್ಟಿಯನ್ನು ಪೂರ್ಣ ಬಿಚ್ಚಿ, ಬಿಸಿನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ ಮರಳಿ ಹೆಣೆಯಬಹುದಾದ್ದರಿಂದ ತಗಣೆಯ ಕಾಟವನ್ನು ನೀಗಿಕೊಳ್ಳುವುದು ಸುಲಭ.

ಇನ್ನು ಅಳತೆಯ ವಿಚಾರ. 1956ನೆಯ ನವೆಂಬರ್ 1ರವರೆಗೆ ಈ ಸೀಮೆಯು ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಮುಂಬಯಿ ಆಡಳಿತದ ಭೂಮಾಪನದಲ್ಲಿ 33 ಅಡಿಯ ಸರಪಳಿಯು ಬಳಕೆಯಲ್ಲಿದ್ದು, ಅದನ್ನು 16 ಆಣೆಗಳಾಗಿ ಭಾಗಿಸಿದ್ದರು. ಆ ಸರಪಳಿಯ ಒಂದು ಉದ್ದ, ಒಂದು ಅಗಲ ಸೇರಿದ ನೆಲವೇ ಒಂದು ಗುಂಟೆ. ಅಂಥ 40 ಗುಂಟೆಗಳಿಗೆ ಒಂದು ಎಕರೆ. ಮೆಟ್ರಿಕ್ ಪದ್ಧತಿಗೆ ದಾರಿಮಾಡಿದ ಅಳತೆ ತೂಕಗಳ ಕಾಯಿದೆಯು 1956ರಲ್ಲಿಯೇ ಬಂದಿತಾದರೂ ರೈತನ ಬಾಯಲ್ಲಿ ಗುಂಟೆಯೂ ಸಿಂಪಿಗನ ಬಾಯಲ್ಲಿ ಇಂಚೂ ಇಂದಿಗೂ ಉಳಿದಿವೆ.

ಕಬ್ಬಿಣದ ಸರಪಳಿಯ ಬದಲು ಬಟ್ಟೆಯ ಅಳತೆಪಟ್ಟಿಯನ್ನು ಹಿಡಿದು ಅಣ್ಣತಮ್ಮಂದಿರು ಹೊಲ ಅಳೆಯಹೊರಟರೆ ಏನಾದೀತು? ಎಳೆದೆಳೆದು ಹಳತಾದ ಪಟ್ಟಿಯು 33 ಅಡಿಗೆ 4 ಇಂಚು ಹಿಗ್ಗಿತ್ತೆಂದು ಇಟ್ಟುಕೊಳ್ಳೋಣ. ಉದ್ದದಲ್ಲಿ ನೂರಕ್ಕೆ ಒಂದರಂತೆ, ಅಗಲದಲ್ಲಿಯೂ ನೂರಕ್ಕೆ ಒಂದರಂತೆ ತಪ್ಪು ಬಿದ್ದು, ಒಂದು ಎಕರೆಯಲ್ಲಿ ಮುಕ್ಕಾಲು ಗುಂಟೆಗಿಂತ ತುಸು ಹೆಚ್ಚು ನೆಲವು ಲೆಕ್ಕಕ್ಕೇ ಬಾರದು. ಇಷ್ಟು ನೆಲಕ್ಕಾಗಿ ಒಡಹುಟ್ಟಿದವರು ನ್ಯಾಯಾಲಯದ ಮೆಟ್ಟಿಲೇರಿ ಮನೆತನದ ಶಾಂತಿಯನ್ನು ಕಳೆದುಕೊಳ್ಳುವುದು ಅಪರೂಪದ ಸಂಗತಿಯಲ್ಲ. ಆದುದರಿಂದ ಬಟ್ಟೆಯ ಪಟ್ಟಿಯನ್ನು ಆಗಾಗ್ಗೆ ಉಕ್ಕಿನ ಪಟ್ಟಿಯೊಡನೆ ಹೋಲಿಸಿ ನೋಡತಕ್ಕದ್ದು. ಪಾಲುಪಟ್ಟಿಯ ಅಳತೆಯನ್ನು ಸರಕಾರದ ಭೂಮಾಪಕರಿಂದಲೇ ಮಾಡಿಸತಕ್ಕದ್ದು. ಉಕ್ಕಿನ ಪಟ್ಟಿಯ ತುದಿಯ ಕೊಕ್ಕೆಯು ಸಡಿಲವಾಗಿ ಅಲುಗಾಡುವುದನ್ನು ಕಂಡು, ಅದು ಕೆಟ್ಟಿತೆಂದು ಕೆಲವರು ಬಡಿದು ಬಿಗಿಮಾಡುವರು. ಹಾಗೆ ಮಾಡಬಾರದು. ಕೊಕ್ಕೆಯು ತನ್ನ ದಪ್ಪದಷ್ಟು ಸರಿಯುವುದರಿಂದಲೇ ಒಳಗಿನ ಅಳತೆಯೂ ಹೊರಗಿನ ಅಳತೆಯೂ ಸರಿಯಾಗಿ ಬರುವುವು.

ಅಕ್ಷರಕ್ಕೂ ಪಟ್ಟಿಗೂ ಇರುವ ನಂಟು ನಮ್ಮ ನಾಡಿನಲ್ಲಿ ಹಳೆಯದು. ಇಂದು ಕಚೇರಿಯ ಕಾಗದಗಳ ಕಟ್ಟಿಗೆ ನಾವು ಹೇಳುವ ‘ಕಡತ’ ಎಂಬ ಮಾತು ಹಿಂದೆ ಬಟ್ಟೆಯ ಪುಸ್ತಕದ ಹೆಸರಾಗಿತ್ತು. 1810ರಲ್ಲಿ ಗ್ರಂಥ ಬರೆದ ಮಾರ್ಕ್ ವಿಲ್ಕ್ಸ್ ಎಂಬವನು ಇದನ್ನು ವರ್ಣಿಸಿದ್ದಾನೆ. ಎಂಟು ಇಂಚಿನಿಂದ ಒಂದು ಅಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆಯ ಎರಡೂ ಮಗ್ಗುಲಿಗೆ ಅಂಟು ಮತ್ತು ಇದ್ದಿಲಪುಡಿಯನ್ನು ಬಳಿದು, ಒಣಗಿಸಿ, ಕತ್ತರಿಸದೆ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಕ್ಕೆ ಆಧಾರವಾಗಿ ಉಳಿದುಬಂದಿವೆ. ಇಂಗ್ಲಿಷರಾದರೋ ಕಚೇರಿಯ ಕಾಗದಗಳನ್ನು ಕೆಂಪು ಪಟ್ಟಿಯಿಂದ ಕಟ್ಟಿಡುತ್ತಿದ್ದರು. ಕಟ್ಟು ಬಿಚ್ಚದೆ ಕಾಲಹರಣವಾಗುವುದಕ್ಕೆ ‘ಕೆಂಪು ಪಟ್ಟಿ’ ಎಂಬ ಹೆಸರು ಬಂದುದು ಇದರಿಂದಲೇ.

ಅಂಟಿನ ಪಟ್ಟಿಯು ಈಚಿನದು. ಅಮೆರಿಕೆಯ ರಿಚರ್ಡ್ ಡ್ರೂ ಎಂಬಾತನು 1925ರಲ್ಲಿ ಬಣ್ಣ ಬಳಿಯುವವರಿಗಾಗಿ ಅಂಟುಕಾಗದದ ಪಟ್ಟಿಯನ್ನೂ 1930ರಲ್ಲಿ ಪಾರದರ್ಶಕ ಪಟ್ಟಿಯನ್ನೂ ಸಿದ್ಧಪಡಿಸಿದನು. ಈ ಪಾರದರ್ಶಕ ಪಟ್ಟಿಯಿಂದ ನಮ್ಮ ಮನೆಗಳಲ್ಲಿ ಎರಡು ಅನರ್ಥಗಳು ನಡೆಯುತ್ತಿವೆ. ಹರಿದ ಖರೀದಿಪತ್ರ, ಜಾತಕ, ಹಿರಿಯರ ಕಾಗದಗಳಿಗೆ ಇದನ್ನು ಅಂಟಿಸುವುದು ಮೊದಲನೆಯದು. ಕೆಲವು ವರ್ಷಗಳಲ್ಲಿ ಅಂಟು ಹಳದಿಯಾಗಿ ಕಾಗದಕ್ಕೆ ಇಳಿದು, ಅಕ್ಷರಗಳನ್ನು ಕಲೆಗೊಳಿಸುತ್ತದೆ. ಕೀಳಹೋದರೆ ಕಾಗದವೇ ಕಿತ್ತುಬರುತ್ತದೆ. ಅಂಥ ಪತ್ರವನ್ನು ಲಕೋಟೆಯಲ್ಲಿ ಸಪಾಟಾಗಿ ಇಡುವುದು ಲೇಸು. ಬೆಸೆಯಲೇಬೇಕಾದರೆ ತೆಳುಕಾಗದವನ್ನು ಗೋದಿಯ ಪಿಷ್ಟದ ಅಂಟಿನಿಂದ, ಬಲ್ಲವರ ಕೈಯಲ್ಲಿ ಹಚ್ಚಿಸತಕ್ಕದ್ದು. ಎರಡನೆಯದು, ಸುಲಿದ ವಿದ್ಯುತ್ತಿನ ತಂತಿಗೆ ಇದೇ ಪಟ್ಟಿಯನ್ನು ಸುತ್ತುವುದು. ಅದು ಶಾಖಕ್ಕೆ ಸಡಿಲವಾಗಿ ತಂತಿಯನ್ನು ಬಯಲುಮಾಡುವುದು. ತಂತಿಗೆಂದೇ ಮಾಡಿದ ಪಟ್ಟಿಯು ಬೇರೆ ಇದೆ. ಅದನ್ನಾದರೂ ವಿದ್ಯುತ್ತನ್ನು ನಿಲ್ಲಿಸಿದ ಮೇಲೆಯೇ ಸುತ್ತಬೇಕು. ಹಾಳಾದ ತಂತಿಯನ್ನು ಬದಲಿಸುವುದು ಅದಕ್ಕಿಂತಲೂ ಉತ್ತಮ.

ಧ್ವನಿಯನ್ನು ಹಿಡಿದಿಡುವ ಪಟ್ಟಿಯ ಮಾತೂ ಒಂದಿದೆ. 1928ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಕಾಂತಪಟ್ಟಿಯು 1963ರಲ್ಲಿ ಕ್ಯಾಸೆಟ್ಟಿನ ರೂಪವನ್ನು ತಾಳಿ, ಮುಂದೆ ನಮ್ಮ ಹಳ್ಳಿಹಳ್ಳಿಗೂ ಬಂದಿತು. ಅಜ್ಜಿಯ ಬೀಸುವ ಹಾಡು, ತೀರಿಹೋದ ತಂದೆಯ ದನಿ ಅನೇಕ ಮನೆಗಳ ಸಂದುಕಗಳಲ್ಲಿ ಈ ಪಟ್ಟಿಗಳ ಮೇಲೆ ಇನ್ನೂ ಮಲಗಿವೆ. ತೇವದಿಂದ ಬೂಷ್ಟು ಹಿಡಿದ ಬಳಿಕ ಅವನ್ನು ಎಬ್ಬಿಸುವುದು ಕಷ್ಟ. ಅಂಥವು ಇರುವವರು ವಿಳಂಬಿಸದೆ ಗಣಕಯಂತ್ರಕ್ಕೆ ಪ್ರತಿಮಾಡಿಸಿಕೊಳ್ಳಲಿ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವೆಂದು ನಾವು ತಿಳಿಯುವ ಪಟ್ಟಿಯು ಅಂಗನವಾಡಿಯಲ್ಲಿದೆ. 1975ರಲ್ಲಿ ನಮ್ಮ ದೇಶದಲ್ಲಿ ಆರಂಭವಾದ ಅಂಗನವಾಡಿ ಯೋಜನೆಯಿಂದ ಇದು ಹಳ್ಳಿಯ ತಾಯಂದಿರ ಅಳವಿಗೆ ಬಂದಿದೆ. ಮೂರು ಬಣ್ಣಗಳ ಒಂದು ಕಿರುಪಟ್ಟಿ ಇದು. ಆರು ತಿಂಗಳಿನಿಂದ ಐದು ವರ್ಷದೊಳಗಿನ ಕೂಸಿನ ಎಡತೋಳನ್ನು ಇಳಿಬಿಟ್ಟು, ಭುಜಕ್ಕೂ ಮೊಳಕೈಗೂ ನಟ್ಟನಡುವೆ ಇದನ್ನು ಬಿಗಿಯದೆ, ಸಡಿಲಬಿಡದೆ ಸುತ್ತುವರು. ಸುತ್ತಳತೆಯು 12.5 ಸೆಂಟಿಮೀಟರ್ ಅಥವಾ ಹೆಚ್ಚಿದ್ದರೆ ಹಸುರು, 11.5ರಿಂದ 12.5ರ ಒಳಗಾದರೆ ಹಳದಿ, ಎಂದರೆ ಎಚ್ಚರಿಕೆ, 11.5ಕ್ಕಿಂತ ಕಡಿಮೆಯಾದರೆ ಕೆಂಪು, ಎಂದರೆ ಕೂಸು ತೀವ್ರ ಅಪೌಷ್ಟಿಕತೆಗೆ ಸಿಕ್ಕಿದೆ. ಎರಡೂ ಪಾದಗಳಲ್ಲಿ ಬಾವು ಇದ್ದರೆ ಬಣ್ಣ ಯಾವುದಿದ್ದರೂ ಅದು ಅಪಾಯದ ಕುರುಹೇ. ಇಂಥ ಕೂಸನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ‘ನಮ್ಮ ಮನೆತನದವರೇ ಸಣಕಲು’ ಎಂದು ಹಿರಿಯರು ಸಮಾಧಾನ ಹೇಳುವುದು ಸಹಜ. ಆದರೆ ಪಟ್ಟಿಯು ಮುಖದಾಕ್ಷಿಣ್ಯವನ್ನು ಅರಿಯದು.

ಹೊಲವನ್ನು ಅಳೆಯುವಾಗ ಒಂದು ಇಂಚಿಗೂ ಕಾದಾಡುವ ನಾವು ಮಗುವಿನ ತೋಳಿನ ಒಂದು ಸೆಂಟಿಮೀಟರನ್ನು ಕಡೆಗಣಿಸದಿರೋಣ. ಬರುವ ತಿಂಗಳು ಅಂಗನವಾಡಿಯಲ್ಲಿ ತೂಕ, ಅಳತೆ ನಡೆಯುವ ದಿನ ಮನೆಯ ಕೂಸನ್ನು ತಪ್ಪದೆ ಕರೆದೊಯ್ಯಬೇಕೆಂದು ನಮ್ಮ ವಾಚಕ ವಾಚಕಿಯರಲ್ಲಿ ವಿಜ್ಞಾಪಿಸುತ್ತೇವೆ.